ಗಿಯರಕ್ಕ ಹಾಕಿದ ಬೀಗ

ಇಟ್ಟಿಗೆ ಲಾರಿ ಓಡಿಸುವ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ಗಿಯರಕ್ಕ ಅಂತ. ಹೆತ್ತವರು ಇಟ್ಟ ಹೆಸರು ಅವಳ ಅತ್ತೆಯ ಬಾಯಲ್ಲಿ ಮಾತ್ರ ಉಳಿದಿತ್ತು, ಅದೂ ಅತ್ತೆಗೆ ಸಿಟ್ಟು ಬಂದಾಗ. ಲಾರಿ ಹಳೆಯದು, ಗಿಯರು ಮೊಂಡು. ಮೊದಮೊದಲು ಎರಡೂ ಕೈ ಹಾಕಿ, ತುಟಿ ಕಚ್ಚಿ, ಮೈಯೆಲ್ಲ ಬಾಗಿಸಿ ತಳ್ಳುತ್ತಿದ್ದಳು. ನೋಡಿದವರು ನಕ್ಕು ಆ ಹೆಸರಿಟ್ಟರು. ನಗು ನಿಂತಿತು, ಹೆಸರು ನಿಂತುಕೊಂಡಿತು.

ಆ ಲಾರಿ ಮೊದಲು ಅವಳ ಗಂಡನ ಕೈಯಲ್ಲಿತ್ತು. ಸಾಹುಕಾರರದ್ದೇ ಗಾಡಿ, ಓಡಿಸುತ್ತಿದ್ದವನು ಅವನು. ಒಂದು ದಿನ ದಾರಿಯಲ್ಲಿ ಚಕ್ರ ಪಂಕ್ಚರ್ ಆಗಿ, ಸ್ಟೆಪ್ನಿ ಎತ್ತುವಾಗ ಬೆನ್ನಿನೊಳಗೆ ಏನೋ ಲಟಕ್ಕೆಂದಿತು. ಅಲ್ಲಿಂದ ಮುಂದೆ ಅವನಿಗೆ ಕಿಟಕಿ ಪಕ್ಕದ ಹಲಗೆ ಮಂಚವೇ ಗತಿ. ಸಾಹುಕಾರರು ಕೀಲಿ ವಾಪಸ್ಸು ಕೇಳಿ ಆಳು ಕಳಿಸಿದರು. ಕೀಲಿ ಕೊಡಲು ಗಿಯರಕ್ಕ ತಾನೇ ಹೋದಳು. ಹೋದವಳು ಕೊಡಲಿಲ್ಲ.

“ಇಟ್ಟಿಗೆ ಖಾಲಿ ಮಾಡೋ ಬಯಲಲ್ಲಿ ನಮ್ಮ ಮನೆಯವರೇ ನಂಗೆ ಕಲಿಸಿದಾರೆ. ಲೈಸೆನ್ಸೂ ಮಾಡಿಸಿದಾರೆ. ಸ್ವಲ್ಪ ದಿನ ಓಡಿಸಿ ನೋಡ್ತೀನಿ. ನಿಮಗೆ ಸರಿ ಕಾಣದಿದ್ರೆ ಆಗ ಇಸ್ಕೊಳ್ಳಿ.”

ಗೂಡಿನಲ್ಲಿ ಇಟ್ಟಿಗೆ ಸುಟ್ಟು ರಾಶಿ ಬಿದ್ದಿತ್ತು, ಬೇರೆ ಡ್ರೈವರು ಸಿಕ್ಕಿರಲಿಲ್ಲ. ಸಾಹುಕಾರರು ಒಪ್ಪಿದರು. ಹೀಗೆ ಅವಳು ಆ ಸೀಟು ಹತ್ತಿದಳು. ಮನೆಯಲ್ಲಿ ಮಲಗಿದ ಗಂಡ, ಮೊಣಕಾಲು ಹಿಡಿದ ಅತ್ತೆ, ಎಲ್ಲರ ಹೊಟ್ಟೆ ಆ ಒಂದು ಸೀಟಿನ ಮೇಲೆ ಕೂತಿತ್ತು.

ಕೂತು ತಿಂಗಳಾಗಿರಲಿಲ್ಲ, ಸಾಹುಕಾರರು ಕರೆಸಿದರು.

“ನಿನ್ನ ಗಾಡಿ ವಿಪರೀತ ಡೀಸೆಲ್ ಕುಡೀತಿದೆಯಮ್ಮ. ಗಾಡಿ ಕುಡೀತಿದೆಯೋ, ಗಾಡಿಯವರು ಕುಡೀತಿದಾರೋ? ನಿನ್ನ ಗಂಡ ಓಡಿಸ್ತಿದ್ದಾಗಲೇ ಕಷ್ಟ ಇತ್ತು. ಈಗಂತೂ ತೂತು ಬಿದ್ದ ಕೊಡ. ಇನ್ನೊಂದು ಸಲ ಹೀಗಾದ್ರೆ ಇಳಿದು ಮನೆಗೆ ನಡಿ.”

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ತಾನು ಒಂದು ತೊಟ್ಟೂ ಮುಟ್ಟಿರಲಿಲ್ಲ. ಆದರೆ ಬೆಳಿಗ್ಗೆ ಬಂದು ನೋಡಿದರೆ ಡೀಸೆಲ್ ತೋರಿಸುವ ಮುಳ್ಳು ಇಳಿದಿರುತ್ತಿತ್ತು. ಟ್ಯಾಂಕಿನ ಬಾಯಿ ಹತ್ತಿರ ದೂಳಿನ ಮೇಲೆ ಒದ್ದೆ ಗೆರೆ, ಯಾರದೋ ಪೈಪು ಇಳಿದು ಹತ್ತಿದ ಗುರುತು.

ಲಾರಿಗಳನ್ನು ನಿಲ್ಲಿಸುವ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಗಾಡಿಯ ಟ್ಯಾಂಕಿಗೂ ಯಾರೂ ಬೀಗ ಹಾಕುತ್ತಿರಲಿಲ್ಲ. ಹಿಂದೆ ಯಾವಾಗಲೋ, ಒಬ್ಬನ ಗಾಡಿ ಬಂಕಿನ ತನಕ ಹೋಗಲಾರದಂತಾದರೆ ಪಕ್ಕದ ಗಾಡಿಯಿಂದ ಒಂದಿಷ್ಟು ತೆಗೆದುಕೊಂಡು, “ಅಣ್ಣಾ, ನಿನ್ನದರಿಂದ ತಗೊಂಡೆ” ಎಂದು ಹೇಳುತ್ತಿದ್ದನಂತೆ. ಒಳ್ಳೆಯ ಪದ್ಧತಿಯೇ. ಆಮೇಲೆ ಹೇಳುವುದು ನಿಂತಿತು. ತೆಗೆದುಕೊಳ್ಳುವುದು ನಿಲ್ಲಲಿಲ್ಲ. ಈಗ ಹೆಂಗಸಿನ ಗಾಡಿ ಬೇರೆ. ಕೇಳುವವರು ಯಾರು ಅಂತ ಎಲ್ಲರ ಪೈಪೂ ಅದಕ್ಕೇ ಇಳಿಯುತ್ತಿತ್ತು.

ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರನ್ನು ಮೇಷ್ಟ್ರು ಅನ್ನುತ್ತಿದ್ದರು. ಅಲ್ಲಿದ್ದ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು, ಅವಳ ಗಂಡನಿಗೂ. ಗಿಯರಕ್ಕ ಮೊದಲು ಅವರ ಹತ್ತಿರವೇ ಹೋದಳು.

“ಮೇಷ್ಟ್ರೇ, ನನ್ನ ಟ್ಯಾಂಕಿಗೆ ಬೀಗ ಹಾಕಿಸ್ತೀನಿ.”

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. “ಶೆಡ್ಡು ಅಂದ್ರೆ ಒಂದು ಮನೆ ಇದ್ದ ಹಾಗಮ್ಮ. ಮನೇಲಿ ಯಾರಾದ್ರೂ ಅಡುಗೆಮನೆಗೆ ಬೀಗ ಹಾಕ್ತಾರಾ?”

“ಅಡುಗೆ ಮಾಡಿಟ್ಟೋಳೇ ಉಪವಾಸ ಬೀಳೋ ಹಾಗಾದ್ರೆ ಹಾಕ್ತಾರೆ ಮೇಷ್ಟ್ರೇ.”

“ಬೀಗ ಹಾಕಿದ್ರೆ ನಮ್ಮನ್ನೆಲ್ಲ ಕಳ್ಳರು ಅಂದ ಹಾಗೆ.”

“ನಾನು ಕುಂಬಳಕಾಯಿ ಅಂತಾನೂ ಅಂದಿಲ್ಲ, ನೀವು ಆಗಲೇ ಹೆಗಲು ಮುಟ್ಕೊಂಡ್ರಿ!”

ಅಷ್ಟು ಹೇಳಿ ಅವಳು ನೇರ ವೆಲ್ಡಿಂಗ್ ಅಂಗಡಿಗೆ ಗಾಡಿ ಓಡಿಸಿದಳು. ಆ ಅಂಗಡಿಯ ಮುದುಕ ಕಿವಿ ಮಂದ, ಕೈ ಚುರುಕು. “ಡೀಸೆಲ್ ಟ್ಯಾಂಕಿಗೆ ನಾನು ಬೆಂಕಿ ತೋರಿಸಲ್ಲ ತಾಯಿ, ನೀನೂ ಇರಲ್ಲ, ನಾನೂ ಇರಲ್ಲ” ಅಂದ. ಬೇರೆ ಕಡೆ ಕಬ್ಬಿಣದ ಪಟ್ಟಿ ಬೆಸೆದು ತಂದು, ಟ್ಯಾಂಕನ್ನು ಸುತ್ತುವರಿಸಿ ಬೋಲ್ಟು ಬಿಗಿದ. ಮುಚ್ಚಳದ ಮೇಲೆ ಹಾಯುವ ಪಟ್ಟಿಗೆ ಕೊಂಡಿ, ಕೊಂಡಿಗೆ ಬೀಗ. ಟ್ಯಾಂಕಿನ ಕೊರಳಿನೊಳಗೆ ತೂತಿನ ತಗಡಿನ ಜರಡಿ ಇಳಿಸಿದ. ಡೀಸೆಲ್ ಒಳಗೆ ಹೋಗುತ್ತೆ, ಪೈಪು ಹೋಗಲ್ಲ.

ಮರುದಿನ ಶೆಡ್ಡಿನಲ್ಲಿ ಟೀ ತರುವಾಗ ಅವಳಿಗೊಂದು ಲೋಟ ಕಡಿಮೆ ಬಂತು. ಒಬ್ಬ ಲಾರಿಯ ಕೆಳಗಿನಿಂದಲೇ ಕೂಗಿದ: “ಗಿಯರಕ್ಕಾ, ಹಾರನ್‌ಗೂ ಒಂದು ಬೀಗ ಹಾಕು, ಯಾರಾದ್ರೂ ಸದ್ದು ಕದ್ದಾರು!”

“ನಿನ್ನ ಬಾಯಿಗೆ ಮೊದಲು ಹಾಕಿಸ್ತೀನಿ ಇರಪ್ಪ, ಅಲ್ಲಿಂದಾನೇ ಜಾಸ್ತಿ ಸೋರ್ತಿರೋದು.”

ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಬಂದರೆ ಬೀಗದ ತೂತಿಗೆ ಯಾರೋ ಅಂಟು ಸುರಿದು ಗಟ್ಟಿ ಮಾಡಿದ್ದರು. ಗಿಯರಕ್ಕ ಯಾರನ್ನೂ ಬಯ್ಯಲಿಲ್ಲ. ಗರಗಸ ತಂದು ಎಲ್ಲರೆದುರು ಕೂತು ಬೀಗ ಕೊಯ್ದಳು. ಕೊಯ್ಯುವುದಕ್ಕೆ ಬಹಳ ಹೊತ್ತು ಹಿಡಿಯಿತು, ಯಾರೂ ಕೈ ಹಾಕಲಿಲ್ಲ. ತುಂಡು ಬೀಗವನ್ನು ಟೀ ಕುಡಿಯುವ ಬೆಂಚಿನ ಮೇಲಿಟ್ಟು, “ಯಾರದೋ ಅಂಟು, ವಾಪಸ್ಸು ತಗೊಳ್ಳಿ” ಅಂದಳು. ಸಂಜೆಗೆ ಅದರ ಎರಡರಷ್ಟು ದೊಡ್ಡ ಬೀಗ ಬಂತು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿಗೆ ಏನು ಬರ? ಮೇಲೆ ಬೀಗವಾದರೆ ಕೆಳಗಿನಿಂದ ಶುರುವಾಯಿತು. ಟ್ಯಾಂಕಿನ ತಳದಲ್ಲಿ ಕೊಳೆ ಇಳಿಸುವ ನಟ್ಟು ಇರುತ್ತದೆ. ಅದನ್ನು ಸಡಿಲಿಸಿ, ಇಳಿಸಿಕೊಂಡು, ಮತ್ತೆ ಬಿಗಿದರೆ ದೇವರಿಗೂ ಗೊತ್ತಾಗುವುದಿಲ್ಲ. ಗಿಯರಕ್ಕ ನಾದಿನಿ ಬಿಟ್ಟುಹೋಗಿದ್ದ ಕೆಂಪು ಉಗುರುಬಣ್ಣ ತಂದು, ನಟ್ಟಿನ ಮೇಲಿಂದ ಟ್ಯಾಂಕಿನ ಮೇಲಕ್ಕೆ ಒಂದು ಗೆರೆ ಎಳೆದಳು. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಮುರಿಯಿತು. ಮುದುಕನ ಹತ್ತಿರ ಮತ್ತೆ ಹೋಗಿ, ನಟ್ಟು ಮುಚ್ಚುವ ಕಬ್ಬಿಣದ ಬಟ್ಟಲು ಮಾಡಿಸಿ ಅದೇ ಪಟ್ಟಿಗೆ ಬಿಗಿಸಿದಳು. ಆಮೇಲೆ ಸೋರಿಕೆ ನಿಂತಿತು. ಗಾಡಿ ನಿಜವಾಗಿ ಎಷ್ಟು ಕುಡಿಯುತ್ತದೆ ಅನ್ನುವುದು ಮೊದಲ ಸಲ ಅವಳಿಗೆ ಗೊತ್ತಾಯಿತು. ಬಹಳ ಕಡಿಮೆ ಕುಡಿಯುತ್ತಿತ್ತು, ಪಾಪದ ಹಸುವಿನ ಹಾಗೆ.

ಆ ದಿನ ಕುಣಿಯುತ್ತಾ ಮನೆಗೆ ಬಂದಳು. ಗಂಡ ಮಂಚದ ಮೇಲೆ ಮಲಗಿಕೊಂಡೇ ಹಳೆಯ ರೇಡಿಯೋ ಬಿಚ್ಚಿಟ್ಟುಕೊಂಡಿದ್ದ.

“ರೀ, ಕೇಳಿದ್ರಾ! ಗಾಡಿ ಎಷ್ಟು ಮೈಲೇಜ್ ಕೊಡ್ತಿದೆ ಗೊತ್ತಾ? ನಿಮ್ಮ ಕಾಲಕ್ಕಿಂತ ಚೆನ್ನಾಗಿ!”

ಅವನು ತಲೆ ಎತ್ತಲಿಲ್ಲ. “ಬೀಗ ತೆಗೆದುಬಿಡೇ” ಅಂದ.

“ಏನು?”

“ಪೂರ್ತಿ ತೆಗೀಬೇಡ. ಆಗಾಗ ತೆರೆದಿಡು. ಸ್ವಲ್ಪ ಹೋಗ್ಲಿ. ಮೊದಲಿನಷ್ಟೇ ಬಂದ್ರೆ ಸಾಕು.” ರೇಡಿಯೋದ ತಿರುಪೊಂದನ್ನು ಬಿಗಿಯತೊಡಗಿದ. “ಅದೇ ಗಾಡಿ, ಅದೇ ದಾರಿ. ನನ್ನ ಕಾಲದಲ್ಲಿ ಕೊಡದ್ದು ನಿನ್ನ ಕಾಲದಲ್ಲಿ ಹೇಗೆ ಕೊಡುತ್ತೆ ಅಂತ ಸಾಹುಕಾರ್ರು ಕೇಳಲ್ವೇನೇ?”

ಗಿಯರಕ್ಕ ಕೈಯಲ್ಲಿದ್ದ ಊಟದ ಡಬ್ಬಿ ಹಾಗೇ ಹಿಡಿದು ನಿಂತಳು. ತಾನು ಕಳ್ಳಿಯಲ್ಲ ಅಂತ ತೋರಿಸಲು ಹಾಕಿದ ಬೀಗ ಯಾರ ಕಡೆ ಬೆರಳು ತೋರಿಸುತ್ತಿದೆ ಅಂತ ಆಗ ಹೊಳೆಯಿತು.

“ನೀವೂ ಎಲ್ಲರ ಹಾಗೇನಾ?”

“ಎಲ್ಲರ ಹಾಗೇ. ಗೂಡಿನ ಹತ್ರ ಲೋಡಿಗೆ ದಿನವೆಲ್ಲ ಕಾಯ್ತಿದ್ವಿ. ಸಾಹುಕಾರ್ರು ಊಟದ ಕಾಸು ನಿಲ್ಲಿಸಿದ್ರು. ಒಂದು ಕ್ಯಾನು ಡೀಸೆಲ್ ಮಾರಿ ಊಟ ಮಾಡಿದ್ವಿ. ಆಮೇಲೆ ಅದೇ ಅಭ್ಯಾಸ ಆಯ್ತು.”

ಪರದೆಯ ಆಚೆ ಅಡುಗೆಮನೆಯಿಂದ ಅತ್ತೆ ಅಂದಳು: “ಆ ಕ್ಯಾನು ಮನೆಗೆ ತಂದಾಗ ನೀನು ಸೀಮೆಎಣ್ಣೆ ಅಂದಿದ್ದೆ ಕಣೋ ಮಗನೇ. ಮೊಣಕಾಲು ಹೋಗಿತ್ತು, ನನ್ನ ಮೂಗು ಹೋಗಿರಲಿಲ್ಲ.”

ಗಿಯರಕ್ಕ ಡಬ್ಬಿ ತೊಳೆದು ಬೋರಲು ಹಾಕಿ ಬಂದು ಮಂಚದ ತುದಿಯಲ್ಲಿ ಕೂತಳು. “ನಿಮ್ಮ ಮಾನ ಉಳಿಸೋಕೆ ನಾನು ಕಳ್ಳಿ ಅನ್ನಿಸ್ಕೊಂಡು ಸೀಟು ಇಳೀಬೇಕಾ? ಆಗಲ್ಲ ರೀ. ಬೀಗ ಇರುತ್ತೆ. ನಿಮ್ಮ ಮಾತು ಬಂದ್ರೆ ನಾನು ನೋಡ್ಕೋತೀನಿ.”

“ಹೇಗೆ ನೋಡ್ಕೋತೀಯ?”

“ಗೊತ್ತಿಲ್ಲ. ದೇವರು ಬಾಯಿ ಕೊಟ್ಟಿದಾನೆ.”

ಸಾಹುಕಾರರು ಬರಲು ಬಹಳ ದಿನ ಬೇಕಾಗಲಿಲ್ಲ. ಬೆಳಿಗ್ಗೆ, ಎಲ್ಲರೂ ಹಳೆಯ ಟಯರುಗಳ ಮೇಲೆ ಕೂತು ಟೀ ಕುಡಿಯುವ ಹೊತ್ತಿಗೆ ಶೆಡ್ಡಿಗೆ ಬಂದು ನಿಂತರು. ಗಿಯರಕ್ಕನ ಟ್ಯಾಂಕಿನ ಪಟ್ಟಿ, ಬೀಗ, ಬಟ್ಟಲು ಎಲ್ಲವನ್ನೂ ತಟ್ಟಿ ನೋಡಿದರು.

“ನೋಡ್ರೋ, ಒಂದು ಹೆಂಗಸು ನಿಮಗೆಲ್ಲ ಬುದ್ಧಿ ಕಲಿಸಿದಾಳೆ.” ಆಮೇಲೆ ಅವಳ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. “ಈ ಬೀಗ ಯಾರಿಗೆ ಹೆದರಿ ಹಾಕಿದೆ, ಆ ಹೆಸರು ಹೇಳಮ್ಮ. ಸೀಟು ನಿನಗೆ ಕಾಯಂ. ಇನ್ನು ಯಾರೂ ನಿನ್ನ ಇಳಿಸಲ್ಲ.”

ಮೇಷ್ಟ್ರು ಟೀ ಲೋಟದೊಳಗೆ ನೋಡುತ್ತಾ ಕೂತರು. ಹಾರನ್‌ಗೆ ಬೀಗ ಹಾಕು ಅಂದಿದ್ದವನು ಲಾರಿಯ ಹಿಂದಕ್ಕೆ ಸರಿದ.

“ನನ್ನ ಟ್ಯಾಂಕಲ್ಲಿ ಒಂದು ತೊಟ್ಟು ಕಮ್ಮಿ ಆದ್ರೆ ನನ್ನ ಕೇಳಿ ಸಾಹುಕಾರ್ರೇ. ಅದಕ್ಕೇ ಬೀಗ ಹಾಕಿರೋದು. ಬೇರೆ ಟ್ಯಾಂಕು ಕಾಯೋಕೆ ನನ್ನ ಇಟ್ಕೊಂಡಿಲ್ಲ ನೀವು.”

“ಅಂದ್ರೆ ಗೊತ್ತು, ಹೇಳಲ್ಲ?”

“ಗೊತ್ತು. ಹೇಳಲ್ಲ.”

ಸಾಹುಕಾರರ ಮುಖ ಕೆಂಪಾಯಿತು. “ಹಾಗಾದ್ರೆ ಇದನ್ನ ಹೇಳು. ಇದೇ ಗಾಡಿ ನಿನ್ನ ಗಂಡನ ಕೈಲಿ ಯಾಕೆ ಇಷ್ಟು ಓಡ್ಲಿಲ್ಲ?”

ಬರಬೇಕಾದ್ದು ಬಂತು. ಗಿಯರಕ್ಕ ಕಾಲು ಹಿಂದೆ ಇಡಲಿಲ್ಲ.

“ಓಡ್ತಿತ್ತು. ಗೂಡಿನ ಹತ್ರ ಕಾಯೋರಿಗೆ ನೀವು ಊಟಕ್ಕೆ ಕೊಡ್ತಿದ್ದಾಗ ಓಡ್ತಿತ್ತು. ಅದನ್ನ ಯಾವಾಗ ನಿಲ್ಲಿಸಿದ್ರಿ, ಜ್ಞಾಪಿಸ್ಕೊಳ್ಳಿ. ಗಾಡಿ ಜಾಸ್ತಿ ಕುಡಿಯೋಕೆ ಶುರು ಮಾಡಿದ್ದು ಯಾವಾಗ, ಅದನ್ನೂ ಜ್ಞಾಪಿಸ್ಕೊಳ್ಳಿ. ನನ್ನ ಗಂಡ ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಅವರನ್ನೇ ಕೇಳಿ. ಮನೇಲಿ ಮಲಗಿದಾರೆ, ಎಲ್ಲಿಗೂ ಓಡಿಹೋಗಲ್ಲ. ಆದ್ರೆ ಬರಿಗೈಲಿ ಬರಬೇಡಿ. ನಿಮ್ಮ ಗಾಡಿ ಚಕ್ರ ಎತ್ತೋಕೆ ಹೋಗಿ ಬೆನ್ನು ಮುರ್ಕೊಂಡೋರು ಅವರು. ಇವತ್ತಿನ ತನಕ ನೀವು ಹೇಗಿದೀಯಾ ಅಂತಾನೂ ಕೇಳಿಲ್ಲ.”

“ಕೊಡು ಕೀಲಿ!”

ಅವಳು ಸೊಂಟದಿಂದ ಕೀಲಿಗೊಂಚಲು ತೆಗೆದು, ಲಾರಿಯ ಕೀಲಿ ಬಿಡಿಸಿ ಅವರ ಅಂಗೈಗೆ ಹಾಕಿದಳು. ಆಮೇಲೆ ಬಗ್ಗಿ ಟ್ಯಾಂಕಿನ ಬೀಗ ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಗಾಡಿ ನಿಮ್ಮದು. ಬೀಗ ನನ್ನದು.”

ಸಾಹುಕಾರರು ಕೀಲಿಯನ್ನು ಮೇಷ್ಟ್ರ ಕಡೆ ಚಾಚಿದರು. “ಹತ್ತಯ್ಯ. ಲೋಡು ಕಾಯ್ತಿದೆ.”

ಮೇಷ್ಟ್ರು ನಿಧಾನವಾಗಿ ಎದ್ದು, ಪಂಚೆ ಕೊಡವಿ, ತೆರೆದ ಟ್ಯಾಂಕನ್ನು ನೋಡಿದರು. “ಬೀಗ ಇಲ್ಲದ ಗಾಡಿ ನಾನು ಹತ್ತಲ್ಲ ಸಾಹುಕಾರ್ರೇ. ಈ ಶೆಡ್ಡಲ್ಲಿ ಜನ ಸರಿ ಇಲ್ಲ.”

ಯಾರೋ ಕಿಸಕ್ಕೆಂದರು. ಸಾಹುಕಾರರು ಇನ್ನೊಬ್ಬನನ್ನು ಕರೆದರು. ಅವನಿಗೆ ಸೊಂಟ ಹಿಡಿದಿತ್ತು. ಮತ್ತೊಬ್ಬನಿಗೆ ಆ ಗಾಡಿಯ ಗಿಯರು ಬೀಳುವುದಿಲ್ಲವಂತೆ, ಅದಕ್ಕೆ ಎರಡು ಕೈ ಬೇಕಂತೆ. ಎಲ್ಲರೂ ಒಂದೊಂದು ಕಾರಣ ಹೇಳಿ ಎದ್ದು ತಮ್ಮ ತಮ್ಮ ಲಾರಿಯ ಪಕ್ಕ ನಿಂತರು. ಗೂಡಿನಿಂದ ಫೋನು ಬರುತ್ತಲೇ ಇತ್ತು, ಸಾಹುಕಾರರ ಜೇಬಿನಲ್ಲಿ ಅದು ಗುಯ್‌ಗುಡುತ್ತಿತ್ತು. ಕೊನೆಗೆ ಅವರು ಕೀಲಿಯನ್ನು ಲಾರಿಯ ಸೀಟಿಗೆ ಎಸೆದು, “ಲೋಡು ಮುಟ್ಟಿಸಿ ಬಾ, ಆಮೇಲೆ ನೋಡ್ಕೋತೀನಿ” ಅಂದು ಹೊರಟರು. ಆಮೇಲೆ ಅವರು ನೋಡಿಕೊಳ್ಳಲಿಲ್ಲ. ಅವಳ ಮನೆ ಕಡೆಯೂ ಹೋಗಲಿಲ್ಲ. ಊಟದ ಕಾಸು ಮತ್ತೆ ಶುರುವಾಗಲು ಇನ್ನೊಂದು ಜಗಳ ಬೇಕಾಯಿತು, ಅದಕ್ಕೂ ಮುಂದೆ ನಿಂತವಳು ಗಿಯರಕ್ಕನೇ.

ಆ ಬೆಳಿಗ್ಗೆ ಅವಳು ಟ್ಯಾಂಕಿನ ಕೊಂಡಿಗೆ ಬೀಗವನ್ನು ಮತ್ತೆ ಸಿಕ್ಕಿಸುತ್ತಿದ್ದಾಗ ಮೇಷ್ಟ್ರು ಹತ್ತಿರ ಬಂದರು.

“ಇನ್ನೂ ಹಾಕ್ತೀಯಲ್ಲಮ್ಮ! ನಾವೆಲ್ಲ ನಿನ್ನ ಕಡೆ ಅಂತ ಈಗ ಗೊತ್ತಾಯ್ತಲ್ಲ?”

“ಗೊತ್ತಾಯ್ತು ಮೇಷ್ಟ್ರೇ. ನಿಮ್ಮ ಗಾಡಿ ದಾರೀಲಿ ನಿಂತ್ರೆ ಕರೀರಿ, ನಾನೇ ಬೀಗ ತೆಗೆದು ನನ್ನ ಕೈಯಾರೆ ಹಾಕಿ ಕೊಡ್ತೀನಿ. ಕೇಳಿದೋರಿಗೆ ಇಲ್ಲ ಅನ್ನಲ್ಲ.”

“ಕೇಳದೆ ಹೋದ್ರೆ?”

ಅವಳು ಬೀಗ ಒತ್ತಿದಳು, ಕಟಕ್ ಅಂತ ಕೂತಿತು. ಜಗ್ಗಿ ನೋಡಿ, ಸೀಟು ಹತ್ತಿ, ಒಂದೇ ಕೈಯಲ್ಲಿ ಗಿಯರು ತಳ್ಳಿದಳು.