ನಾನು ಕೂತು ಮುರಿದ ಕುರ್ಚಿ

ಎಪ್ಪತ್ತರ ದಶಕದಲ್ಲಿ ನಾನು ಬಾಗಲಕೋಟೆಯ ಒಂದು ಅಂಧ ಮಕ್ಕಳ ಶಾಲೆಯಲ್ಲಿ ಟೀಚರು, ಹುಡುಗರ ಬಾಯಲ್ಲಿ ‘ಅಕ್ಕೋರು’. ಆಗಲೂ ನನ್ನ ಮೈ ಈಗಿನಷ್ಟೇ ಧಾರಾಳ. ಶಾಲೆ ಮುಗಿಸಿದವರಿಗೆ ಕೆಲಸ ಹುಡುಕುವುದನ್ನೂ ನನ್ನ ತಲೆಗೇ ಕಟ್ಟಿದ್ದರು. ಐಹೊಳೆ ಕಡೆಯ ಒಬ್ಬ ಹುಡುಗ ಬೆತ್ತದ ಕುರ್ಚಿ ಹೆಣೆಯುವುದರಲ್ಲಿ ಎತ್ತಿದ ಕೈ. ಅವನನ್ನು ಒಂದು ಕಚೇರಿಯ ಕಟ್ಟೆಯ ಮೇಲೆ ಕೂರಿಸಿದೆ. ಹರಿದ ಕುರ್ಚಿ ಬಂದಷ್ಟು ಅವನ ಸಂಪಾದನೆ.

ತೊಂದರೆ ಏನೆಂದರೆ, ಅವನು ಹೆಣೆದದ್ದು ಮತ್ತೆ ಹರಿಯುತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಕೆಲಸ ಖಾಲಿ. ಅವನ ಅಪ್ಪ ಬಂದ.

“ಅಕ್ಕೋರ, ಕುಂತು ಉಣ್ಣಾವಗ ಕುಡಿಕಿ ಹೊನ್ನು ಸಾಲಂಗಿಲ್ಲ. ಅಮಾಸಿ ತನಕ ನೋಡ್ತೇನಿ. ಆಮ್ಯಾಲೆ ಊರಿಗೆ ಕರ್ಕೊಂಡು ಹೋಗ್ತೇನಿ.”

ಊರಿಗೆ ಹೋದರೆ ಪಡಸಾಲೆಯ ಕಂಬಕ್ಕೆ ಒರಗಿದವನು ಮತ್ತೆ ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು. ಅವತ್ತು ಅವನು ಊಟ ಮಾಡಲಿಲ್ಲ. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಇವನು ಕೂತು ಉಣ್ಣಬಾರದು ಅಂದರೆ ಬೇರೆ ಯಾರಾದರೂ ಕೂರಬೇಕು. ದೇವರು ನನಗೆ ಇಷ್ಟು ತೂಕ ಕೊಟ್ಟದ್ದು ಮತ್ತೆ ಯಾತಕ್ಕೆ? ಅಕ್ಕಪಕ್ಕದ ಕಚೇರಿಗಳಲ್ಲಿ ‘ಇನ್ನೂ ಗಟ್ಟಿ ಅದಾವ’ ಅಂತ ರಿಪೇರಿಗೆ ಕೊಡದ ಹಳೆ ಕುರ್ಚಿ ಬೇಕಾದಷ್ಟಿದ್ದವು. ಏನೋ ನೆಪ ಹೇಳಿ ಹೋಗಿ ಒಂದೊಂದರ ಮೇಲೂ ಧೊಪ್ಪನೆ ಕೂತೆ.

ಕೊನೆಗೆ ಒಬ್ಬ ಸಾಹೇಬರ ಎದುರಿನ ಕುರ್ಚಿ ಕೈಕೊಟ್ಟಿತು. ಬೆತ್ತ ಹರಿದು ನಾನು ಚೌಕಟ್ಟಿನೊಳಗೆ ಇಳಿದು ಸಿಕ್ಕಿಕೊಂಡೆ. ಮೊಣಕಾಲು ಗದ್ದಕ್ಕೆ ಬಂತು. ಪರಸ್ತ್ರೀಯನ್ನು ಹಿಡಿದು ಎಳೆಯುವ ಧೈರ್ಯ ಕಚೇರಿಯ ಯಾವ ಸಿಪಾಯಿಗೂ ಇರಲಿಲ್ಲ. ಸಾಹೇಬರು ಮರ್ಯಾದಸ್ಥರು, “ಚಾ ತಗೋತೀರೇನ್ರಿ?” ಅಂದರು. ತಗೊಂಡೆ. ಕಪ್ಪು-ಬಸಿ ಇಡಲು ಮೊಣಕಾಲು ಹತ್ತಿರವೇ ಇತ್ತು.

ಹುಡುಗನನ್ನು ಕರೆಸಿದರು. ಅವನು ಕುರ್ಚಿಯ ಕೆಳಗೆ ಕೈಯಾಡಿಸಿ, ನನ್ನನ್ನು ಹಿಡಿದುಕೊಂಡಿದ್ದ ಬೆತ್ತವನ್ನು ಚಾಕುವಿನಿಂದ ಕೊಯ್ದ. ಗುರುತು ಸಿಗಬಾರದೆಂದು ನಾನು ತುಟಿ ಬಿಚ್ಚಲಿಲ್ಲ. ಆದರೆ ನೆಲಕ್ಕೆ ಬಿದ್ದಾಗ “ಅಯ್ಯ ಶಿವನ” ಅಂತ ಬಾಯಿಂದ ಬಂದೇಬಿಟ್ಟಿತು.

“ಅಕ್ಕೋರ, ನೀವ ಏನ್ರಿ?”

“ಅಕಸ್ಮಾತ್ ಆತಪಾ.”

ಅವನು ನಕ್ಕ.

ಸುದ್ದಿ ಊರೆಲ್ಲ ಹಬ್ಬಿತು. ನನ್ನ ಗತಿ ತಮಗೂ ಬಂದೀತು ಅಂತ ಎಲ್ಲ ಸಾಹೇಬರೂ ಹಳೆ ಕುರ್ಚಿ ಕಳಿಸಿದರು. ಅಮಾವಾಸ್ಯೆಗೆ ಅಪ್ಪ ಬಂದಾಗ ಮಗನಿಗೆ ಮಾತಾಡಲು ಪುರುಸೊತ್ತಿರಲಿಲ್ಲ. ಅಪ್ಪನೇ ಪಕ್ಕದಲ್ಲಿ ಬೆತ್ತ ನೆನೆಹಾಕುತ್ತ ಕೂತ, ಊರಿನ ಬಸ್ಸು ಹೋದದ್ದೂ ಗೊತ್ತಾಗಲಿಲ್ಲ.

ಸಂಜೆ ಹುಡುಗ ಒಂದು ಕುರ್ಚಿ ತಂದು ನನ್ನ ಮುಂದಿಟ್ಟ.

“ಇದು ನಿಮಗರಿ. ಎರಡು ಪದರ ಹೆಣದೇನಿ. ಸಾವಕಾಶ ಕುಂದರ್ರಿ, ಅಕ್ಕೋರ. ಇನ್ನ ನನ್ನ ಸಲುವಾಗಿ ಬೀಳಬ್ಯಾಡ್ರಿ.”

ಕೂತೆ. ಅಳು ಬಂತು. ಕುರ್ಚಿ ಮಾತ್ರ ಕಿರ್ ಅನ್ನಲಿಲ್ಲ.