ಪಾದದ ಮೇಲಿನ ಶಾಯಿ ಗುರುತು

ಆಗುವ ಮಾತಲ್ಲ ಎಂದವರು ನನ್ನ ದೊಡ್ಡಪ್ಪ. ಮಾಟುಂಗದ ಹೋಟೆಲಿನ ಗಲ್ಲಾದ ಮೇಲೆ ಕೂತು ಒಂದೇ ಉಸಿರಿಗೆ ಎರಡು ಹೇಳಿದ್ದರು: "ಸಪ್ಲೈಯರನ ಮಗಳು ಬಿ.ಎಸ್ಸಿ. ಪಾಸಾಗ್ಲಿಕ್ಕುಂಟಾ? ಭಟ್ಟರ ಆ ಕಾಲು ಉಳೀಲಿಕ್ಕುಂಟಾ?" ಸಪ್ಲೈಯರ್ ನನ್ನ ಅಪ್ಪ. ಭಟ್ಟರು ಅದೇ ಹೋಟೆಲಿನ ದೋಸೆಭಟ್ಟರು; ವಡಾಲದ ಚಾಳಿನ ಕೋಣೆಸಾಲಿನಲ್ಲಿ ನಮ್ಮ ಪಕ್ಕದ ಖೋಲಿಯವರು.

ಅವರ ಬಲಪಾದ ಮೇ ತಿಂಗಳಲ್ಲೂ ತಣ್ಣಗಿರುತ್ತಿತ್ತು. ದೋಸೆ ಕಾವಲಿಯ ಮುಂದೆ ಹಣೆ ಬೆವರುವಾಗಲೂ ಆ ಪಾದ ಒದ್ದೆಗಲ್ಲಿನ ಹಾಗೆ. ಬೀಡಿಯಿಂದ ರಕ್ತನಾಳ ಮುಚ್ಚಿದೆ ಎಂದರು ಆಸ್ಪತ್ರೆಯ ಡಾಕ್ಟರು. ಬೀಡಿ ಬಿಟ್ಟು ದಿನಾ ನಡೆದರೆ ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ದಾರಿ ಮಾಡಿಕೊಂಡಾವು, ಇಲ್ಲದಿದ್ದರೆ ಕತ್ತರಿಸಬೇಕು. ಪಾದದ ಮೇಲೆ ನಾಡಿ ಸಿಗಬೇಕಾದ ಕಡೆ ಶಾಯಿಯಲ್ಲಿ ಗುರುತು ಹಾಕಿ, ತಿಂಗಳಿಗೊಮ್ಮೆ ಬನ್ನಿ ಎಂದರು.

"ನಿಲ್ಲಲಿಕ್ಕೆ ಆಗದವ ಎಂಥ ದೋಸೆಭಟ್ಟ?" ಎಂದು ಅವರು ಅಂದೇ ಬೀಡಿ ಬಿಟ್ಟರು. ಸಂಜೆ ನಾನು ಕಾಲೇಜಿನಿಂದ ಬಂದೊಡನೆ ಚಾಳಿನ ವರಾಂಡದಲ್ಲಿ ನಮ್ಮ ನಡಿಗೆ. ಐವತ್ತು ಹೆಜ್ಜೆಗೆ ಅವರ ಮೀನಖಂಡ ಹಿಡಿಯುತ್ತಿತ್ತು. ನೋವು ಇಳಿಯುವ ತನಕ ನಿಲ್ಲಬೇಕು. "ನಾನು ನಿಂತಾಗ ನೀನು ಓದು. ನಡೆಯುವಾಗ ಓದಿದ್ದು ಹೇಳು." ಅವರಿಗೆ ಇಂಗ್ಲಿಷ್ ಬಾರದು, ಆದರೆ ನಾನು ತಡವರಿಸಿದರೆ ತಿಳಿಯುತ್ತಿತ್ತು. "ಹಿಟ್ಟು ಗಂಟಾಯ್ತು ಮಾರಾಯ್ತಿ, ಇನ್ನೊಮ್ಮೆ ತಿರುಗಿಸು!" ನನ್ನ ರಸಾಯನಶಾಸ್ತ್ರ ಗಟ್ಟಿಯಾದದ್ದು ಹಾಗೆ.

ನಡಿಗೆ ಮುಗಿದ ಮೇಲೆ ಗುರುತಿನ ಮೇಲೆ ಬೆರಳಿಡುತ್ತಿದ್ದೆ. ಗುರುತು ಮಾಸಿದರೆ ನನ್ನ ಪೆನ್ನಿನಿಂದ ತಿದ್ದುತ್ತಿದ್ದೆ. ಒಳಗೆ ಏನೂ ಇರುತ್ತಿರಲಿಲ್ಲ. ಎದುರು ಕೂತು ಮಾತಾಡುವ ಮನುಷ್ಯ ಒಂದು ತುದಿಯಲ್ಲಿ ಆಗಲೇ ಸತ್ತಿದ್ದರು. ಒಂದು ಸಂಜೆ ಬೆರಳ ಕೆಳಗೆ ಮೆಲ್ಲಗೆ ಬಡಿಯಿತು.

"ಉಂಟು ಭಟ್ಟರೇ!"

ಮತ್ತೆ ದಿನಾ ನಾಡಿ ಸಿಗತೊಡಗಿತು. ಇನ್ನೇಕೆ ಡಾಕ್ಟರು ಎಂದು ಭಟ್ಟರು ಎರಡು ತಿಂಗಳು ಹೋಗಲೇ ಇಲ್ಲ; ಕಾವಲಿಯ ಮುಂದೆ ನಿಂತೇ ಇದ್ದರು. ಕಾಲ್ಬೆರಳು ಕಪ್ಪಾದಾಗ ಆಸ್ಪತ್ರೆಗೆ ಹೋದೆವು.

ಡಾಕ್ಟರು ನನ್ನ ಒಂದು ಕೈ ಗುರುತಿನ ಮೇಲೆ, ಇನ್ನೊಂದು ನನ್ನದೇ ಕುತ್ತಿಗೆಯ ಮೇಲೆ ಇಡಿಸಿದರು. ಎರಡೂ ಒಟ್ಟಿಗೇ ಬಡಿದವು. ಒತ್ತಿದ ನನ್ನ ಬೆರಳ ತುದಿಯ ನಾಡಿಯನ್ನೇ ಅಷ್ಟು ದಿನ ಅವರ ಕಾಲಲ್ಲಿ ಎಣಿಸಿದ್ದೆ.

ಭಟ್ಟರು ಅಂದರು, "ಅಳಬೇಡ. ನಿನ್ನದಾದರೂ ಬಡಿಯಿತಲ್ಲ."

ಕಾಲನ್ನು ಮೊಣಕಾಲ ಕೆಳಗೆ ತೆಗೆದರು. ಮೂಳೆಮಜ್ಜೆಯ ಸ್ಟೆಮ್ ಸೆಲ್ ಎಂಬ ಜೀವಕೋಶ ಚುಚ್ಚಿ ಇಂಥ ಕಾಲಲ್ಲಿ ಹೊಸ ನಾಳ ಚಿಗುರಿಸಲು ನೋಡುತ್ತಿದ್ದಾರೆ ಎಂದು ಈಗ ಪತ್ರಿಕೆಯಲ್ಲಿ ಓದಿದಾಗ ನನ್ನ ಬೆರಳ ತುದಿ ಜುಮ್ಮೆನ್ನುತ್ತದೆ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಅದನ್ನು ತಗ್ಗಿದ ದನಿಯಲ್ಲಿ ಹೇಳಲಾರೆ. ಸರ್ಟಿಫಿಕೇಟು ಬಂದ ದಿನ ನೇರ ಭಟ್ಟರ ಖೋಲಿಗೆ ಹೋದೆ. ದೊಡ್ಡಪ್ಪನೂ ಅಲ್ಲಿದ್ದರು. ಭಟ್ಟರ ಹೊದಿಕೆ ಬಲಗಡೆ ಚಪ್ಪಟೆಯಾಗಿತ್ತು. ಅವರು ಕಾಗದವನ್ನು ಎದೆಗೊತ್ತಿಕೊಂಡು ಆ ಖಾಲಿ ಜಾಗ ತೋರಿಸಿದರು.

"ಅದು ಈಗಲೂ ತಣ್ಣಗಾಗ್ತದೆ ಮಾರಾಯ್ತಿ. ಒಮ್ಮೆ ನೋಡು."

ಪಾದ ಇರಬೇಕಾದಲ್ಲಿ ಹಾಸಿಗೆಯನ್ನು ಒತ್ತಿದೆ. ಬಡಿಯಿತು.

"ಉಂಟು," ಎಂದೆ.

ಭಟ್ಟರು ಕಣ್ಣು ಮುಚ್ಚಿ ನಕ್ಕು, ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ದೊಡ್ಡಪ್ಪ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಎರಡು ಹೇಳಿದ್ದೆ," ಅಂದರು. "ಒಂದು ಸುಳ್ಳಾಯ್ತು. ಇನ್ನೊಂದೂ ಸುಳ್ಳಾಗ್ಬಾರ್ದಿತ್ತಾ?"