ಪದ್ಮಕ್ಕನ ಗಾಡಿ ಮತ್ತು ಸೇವಂತಿಗೆ ಹಾರ

ಎಲ್ಲರೂ ಕಾರನ್ನು ನಿಂತು ನೋಡಿದರೆ ನಮ್ಮ ಬೀದಿಯ ಪದ್ಮಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚಕ್ರದ ಸಂದಿಯಲ್ಲಿ ಇಣುಕಿ, ಒಳಗಿನ ಬ್ರೇಕಿನ ತಟ್ಟೆ ಎಷ್ಟಗಲ ಇದೆ ಅಂತ ಮೊದಲು ನೋಡಬೇಕು. ಬಣ್ಣ, ಸೀಟು, ಹಾಡಿನ ಪೆಟ್ಟಿಗೆ ಎಲ್ಲ ಆಮೇಲೆ. ಬೇಲೂರಿನ ಬ್ಯಾಂಕೊಂದರಲ್ಲಿ ಕೆಲಸ. ಮದುವೆಯಾಗದೆ ಅಣ್ಣ ಶೇಷಣ್ಣನವರ ಮನೆಯಲ್ಲೇ ಇದ್ದರು. ಊರಿನ ಕಾರುಗಳ ಜಾತಕವೆಲ್ಲ ಬಾಯಲ್ಲಿ, ಸ್ವಂತಕ್ಕೆ ಮಾತ್ರ ಒಂದೂ ಇರಲಿಲ್ಲ.

ಒಮ್ಮೆ ನಾನೂ ಅವರೂ ಹಳೇಬೀಡಿಗೆ ಹೋಗಿದ್ದೆವು. ದೇವಸ್ಥಾನದ ಮುಂದೆ ನೆಲಕ್ಕೆ ಅಂಟಿಕೊಂಡ ಹಾಗೆ ಒಂದು ಕೆಂಪು ಕಾರು. "ಜಾನಕಿ, ಇಟಲೀದು ಕಣೇ! ಮೂರು ಕೋಟಿಗೆ ಕಮ್ಮಿ ಇಲ್ಲ" ಅಂತ ಅಲ್ಲೇ ಕೂತುಬಿಟ್ಟರು. ಕಾರಿನ ಯಜಮಾನ, ಇನ್ನೂ ಎಳೇ ಹುಡುಗ, ಸಂಕೋಚದಿಂದ ತಲೆ ಕೆರೆದುಕೊಂಡ. "ಆಂಟಿ, ಒಳಗಿರೋದು ಮಾಮೂಲಿ ಹಳೇ ಕಾರೇ. ಮೇಲಿನ ಚಿಪ್ಪು ಮಾತ್ರ ಮಾಡಿಸಿದ್ದು, ಫೈಬರ್ದು."

"ಅಯ್ಯೋ ಪಾಪಿ, ನನ್ನ ಮೂರು ಕೋಟಿ ವಾಪಸ್ ಕೊಡೋ!" ಅಂತ ಪದ್ಮಕ್ಕ ನೆಲದ ಮೇಲೇ ಕೂತು ನಕ್ಕರು. ದೇವರಿಗಿಂತ ಮೊದಲು ಕಾರಿಗೆ ಮಂಡಿ ಊರಿದ್ದು ನನಗೆ ಸರಿಬಂದಿರಲಿಲ್ಲ. ಆ ನಗು ನೋಡಿ ಅದು ಮರೆತೇಹೋಯಿತು. ತಮ್ಮ ತಪ್ಪಿಗೆ ತಾವೇ ಹಾಗೆ ನಗುವವರು ಎಷ್ಟು ಜನ ಸಿಗುತ್ತಾರೆ?

ನಮ್ಮ ಮನೆಯವರು ಬೀದಿಯ ಆಂಜನೇಯನ ಗುಡಿಯ ಅರ್ಚಕರು. ಸಂಜೆ ನಾನು ಹೂ ಕಟ್ಟುವಾಗ ಪದ್ಮಕ್ಕ ಬಂದು ಜಗುಲಿಯಲ್ಲಿ ಕೂರುತ್ತಿದ್ದರು. "ನೂರರ ವೇಗ ಮುಟ್ಟೋಕೆ ಎಷ್ಟು ಸೆಕೆಂಡು ಅಂತ ಎಲ್ಲಾ ಕೇಳ್ತಾರೆ ಕಣೇ. ನೂರರಿಂದ ನಿಲ್ಲೋಕೆ ಎಷ್ಟು ಅಂತ ಒಬ್ಬನೂ ಕೇಳಲ್ಲ." ಬೈಪಾಸಿನಲ್ಲಿ ಸೈಲೆನ್ಸರ್ ಬಿಚ್ಚಿ ಆರ್ಭಟಿಸುವವರನ್ನು ಕಂಡರೆ, "ಅವರಿಗೆ ಬೇಕಿರೋದು ವೇಗ ಅಲ್ಲ, ನೋಡೋ ಜನ." ಬೆಲೆಯ ಮಾತು ಬಂದರೆ, "ಅರ್ಧ ದುಡ್ಡು ಗಾಡಿಗೆ, ಇನ್ನರ್ಧ ಪಕ್ಕದ ಮನೆಯವರ ಹೊಟ್ಟೆ ಉರಿಸೋಕೆ!"

"ನಿಮಗ್ಯಾಕ್ರೀ ಅಷ್ಟೊಂದು ವೇಗದ ಹುಚ್ಚು?" ಅಂತ ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಒಂದು ದಿನ ಕೇಳಿದೆ.

ಪದ್ಮಕ್ಕ ಬುಟ್ಟಿಯಿಂದ ಒಂದು ಹೂ ಎತ್ತಿಕೊಂಡರು. "ನೀನು ಭಜನೇಲಿ ಕಣ್ಣು ಮುಚ್ಚಿದಾಗ ಒಳಗೆ ಏನಾಗತ್ತೆ? ಹೇಳು ನೋಡೋಣ."

ಕಟ್ಟುತ್ತಿದ್ದ ಹೂ ಕೆಳಗಿಟ್ಟು ನಾನು ಅಲ್ಲೇ ಕಣ್ಣು ಮುಚ್ಚಿ ನೋಡಿದೆ.

ನಿವೃತ್ತಿಯಾದ ಮೇಲೆ ಕೊನೆಗೂ ಕೊಂಡರು. ಟರ್ಬೊ ಎಂಜಿನ್, ಗೇರು ಕೈಯಲ್ಲೇ ಹಾಕುವ ಗಾಡಿ. ಶೇಷಣ್ಣನವರು ಸಿಡಿಮಿಡಿ. "ಈ ವಯಸ್ಸಲ್ಲಿ ಇವಳಿಗೆ ರೇಸ್ ಬೇರೆ ಕೇಡು! ಒಂದು ಎಡವಟ್ಟಾಗಲಿ, ಅವತ್ತೇ ಮಾರಿಬಿಡೋದು." ಅಣ್ಣನ ಮಾತಿಗೆ ಪದ್ಮಕ್ಕ ಯಾವತ್ತೂ ಎದುರಾಡಿದವರಲ್ಲ.

ಪೂಜೆ ನಮ್ಮ ಗುಡಿಯಲ್ಲೇ. ಗಾಡಿಯ ಮೂತಿಗೆ ನಾನು ಕಟ್ಟಿದ ದಪ್ಪ ಸೇವಂತಿಗೆ ಹಾರ, ಚಕ್ರಗಳ ಮುಂದೆ ನಿಂಬೆಹಣ್ಣು. ಗಾಡಿ ಅವುಗಳ ಮೇಲೆ ಹಾದು ಹೋದರೆ ಪೂಜೆ ಮುಗಿದಂತೆ. ಪದ್ಮಕ್ಕ ಗೇರು ಹಾಕಿದರು. ಗಾಡಿ ಕೀಂ ಕೀಂ ಅಂತ ಕೂಗಿ ಗಕ್ಕನೆ ನಿಂತಿತು. ಇನ್ನೊಮ್ಮೆ ಬಿಟ್ಟರು. ಮತ್ತೆ ಅದೇ. ನಿಂಬೆಹಣ್ಣು ಹಾಗೇ ಇತ್ತು, ಕೀಂ ಕೀಂ ನಿಲ್ಲಲೇ ಇಲ್ಲ.

ಗುಂಪಿನಲ್ಲಿ ಯಾರೋ "ಅಪಶಕುನ" ಅಂದರು. ಶೇಷಣ್ಣನವರಿಗೆ ಅಷ್ಟೇ ಬೇಕಿತ್ತು. "ನೋಡಿದ್ಯಾ? ಸ್ವಾಮಿಗೇ ಇಷ್ಟ ಇಲ್ಲ. ನಾಳೆನೇ ಗಿರಾಕಿ ನೋಡ್ತೀನಿ."

ಪದ್ಮಕ್ಕ ಕೆಳಗಿಳಿದರು. ಮುಖ ಬಾಡಿತ್ತು. "ಹೋಗ್ಲಿ ಬಿಡಣ್ಣ. ಮಾರಿಬಿಡೋಣ."

ಅಷ್ಟೆಲ್ಲ ಬಲ್ಲವರು ಹೀಗೆ ಸೋತು ನಿಂತಿದ್ದು ನೋಡಿ ನನಗೆ ಆಶ್ಚರ್ಯ, ಜೊತೆಗೆ ಸಿಟ್ಟು. ನಮ್ಮ ಸ್ವಾಮಿ ಸಮುದ್ರವನ್ನೇ ಹಾರಿದವನು. ಒಬ್ಬ ಹೆಂಗಸು ಗಾಡಿ ಓಡಿಸಿದರೆ ಅವನು ಮುನಿಸಿಕೊಳ್ಳುತ್ತಾನೆಯೇ? "ಶೇಷಣ್ಣೋರೇ, ಸ್ವಾಮಿ ನಿಮ್ಮ ಕಿವೀಲಿ ಬಂದು ಹೇಳಿದ್ನಾ?" ಅಂದೆ. ಹಾರವನ್ನು ಅವನ ಪಾದಕ್ಕಿಟ್ಟು ಇನ್ನೊಂದು ಸಲ ಬೇಡಿಕೊಳ್ಳೋಣ ಅಂತ ಅದನ್ನು ಬಿಚ್ಚಿ ತೆಗೆದೆ.

ಕೀಂ ಕೀಂ ನಿಂತುಹೋಯಿತು.

ಪದ್ಮಕ್ಕ ಹಾರ ನೋಡಿದರು, ಗಾಡಿ ನೋಡಿದರು, ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಮುಂದೆ ಏನಾದ್ರೂ ಅಡ್ಡ ಬಂದ್ರೆ ತಾನೇ ಬ್ರೇಕ್ ಹಾಕೋ ಗಾಡಿ ಕಣೇ ಇದು. ನಿನ್ನ ಹಾರಾನ ಎಮ್ಮೆ ಅಂದ್ಕೊಂಡಿದೆ!" ಆ ಬ್ರೇಕಿಗಾಗಿಯೇ ಹೆಚ್ಚು ದುಡ್ಡು ಕೊಟ್ಟಿದ್ದರಂತೆ.

ಗಾಡಿ ನಿಂಬೆಹಣ್ಣು ಜಜ್ಜಿ ಮುಂದೆ ಹೋಯಿತು. ಪದ್ಮಕ್ಕ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ವಾಪಸ್ ಬಂದರು.

"ಎಲ್ಲಿಗೆ ಹೋಗಿದ್ದೆ?" ಅಂದರು ಶೇಷಣ್ಣನವರು.

"ಎಲ್ಲಿಗೂ ಇಲ್ಲಣ್ಣ. ಹೋಗಿದ್ದೆ, ಅಷ್ಟೆ."

ಮಾರುವ ಮಾತು ಮತ್ತೆ ಏಳಲಿಲ್ಲ. ಹೋದ ವರ್ಷ ಪದ್ಮಕ್ಕ ಅರಸೀಕೆರೆಯಲ್ಲಿ ಹಳೇ ಗೆಳತಿಯೊಬ್ಬರ ಮನೆಯ ಪಕ್ಕದಲ್ಲೇ ಒಂದು ಮನೆ ಹಿಡಿದರು. ಹೊರಡುವ ದಿನ ಹಿಂದಿನ ಸೀಟಿನ ತುಂಬ ಪಾತ್ರೆ, ಹಾಸಿಗೆ. ಕುಂಕುಮ ಕೊಡುತ್ತ, "ಒಬ್ಬರೇ ಓಡಿಸೋಕೆ ಭಯ ಆಗಲ್ವಾ?" ಅಂದೆ.

"ಆಗತ್ತೆ ಕಣೇ. ಅದಕ್ಕೇ ಎರಡೂ ಕೈಲಿ ಹಿಡ್ಕೋತೀನಿ."

ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ: ಎರಡನೇ ಗೇರು, ಮೂರನೇದು. ಆಮೇಲೆ ನಾಲ್ಕನೆಯದು, ದೂರದಲ್ಲಿ.